ಥಲಸ್ಸೇಮಿಯಾ ಮತ್ತು ಶ್ರಾವಕನ ಅಪ್ರಮಾದ

ಅಹಿಂಸೆಯೇ ಜೈನಧರ್ಮದ ಪ್ರಾಣವೆಂಬುದು ಸರ್ವವಿದಿತ. ಆದರೆ ಹಿಂಸೆಯ ಮೂಲ ಎಲ್ಲಿದೆ ಎಂಬುದನ್ನು ಆಚಾರ್ಯ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ವಿವೇಚಿಸಿರುವ ರೀತಿ ಅಷ್ಟಾಗಿ ಮನನಕ್ಕೆ ಬಂದಂತೆ ತೋರುವುದಿಲ್ಲ. ಪ್ರಾಣಕ್ಕೆ ಘಾತವಾದುದಷ್ಟೇ ಹಿಂಸೆಯಲ್ಲ. ಆ ಘಾತದ ಹಿಂದೆ ಪ್ರಮಾದವಿದ್ದುದೇ ಅದನ್ನು ಹಿಂಸೆಯನ್ನಾಗಿಸುತ್ತದೆ ಎಂಬುದು ಅವರ ವಿವೇಚನೆಯ ಸಾರ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಕ್ಷುದ್ರಜೀವಿಯೊಂದು ಸಿಲುಕಿದರೂ ಆತನಿಗೆ ಹಿಂಸೆಯ ದೋಷ ತಗುಲದು. ಎಚ್ಚರಗೇಡಿಯಾಗಿ ನಡೆಯುವವನಿಗೆ ಯಾವ ಜೀವಿಯೂ ಸಾಯದಿದ್ದರೂ ದೋಷ ತಪ್ಪದು. ಶ್ರಾವಕರ ಮನೆಗಳಲ್ಲಿ ನೀರನ್ನು ಸೋಸಿ ಕುಡಿಯುವ, ಧಾನ್ಯವನ್ನು ಆರಿಸಿ ಹಸನು ಮಾಡಿ ಬೇಯಿಸುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಪದ್ಧತಿ ಬೆಳೆದುಬಂದುದು ಈ ಕಾರಣದಿಂದಲೇ. ಕಣ್ಣಿಗೆ ಕಾಣದ ಜೀವಿಗೂ ತನ್ನಿಂದ ನೋವಾಗಬಾರದೆಂಬ ಆ ಎಚ್ಚರಕ್ಕೆ ಅಪ್ರಮಾದವೆಂದು ಹೆಸರು.

ಇಷ್ಟು ಎಚ್ಚರವುಳ್ಳ ಸಮಾಜವು ವಿವಾಹ ಸಂಬಂಧ ಬೆಳೆಸುವಾಗ ಏನನ್ನು ನೋಡುತ್ತದೆ? ಮನೆತನವನ್ನು ನೋಡುತ್ತದೆ, ಗೋತ್ರವನ್ನು ಕೇಳುತ್ತದೆ, ಜಾತಕ ಕೂಡಿಸುತ್ತದೆ, ವರನ ವ್ಯಾಪಾರದ ಸ್ಥಿತಿಗತಿಯನ್ನು ಮೂರು ಕಡೆಯಿಂದ ವಿಚಾರಿಸುತ್ತದೆ. ಆ ದಂಪತಿಗಳಿಗೆ ಹುಟ್ಟಲಿರುವ ಕೂಸಿನ ರಕ್ತ ಹೇಗಿದ್ದೀತು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಕೇಳದೆ ಹೋದುದರ ಫಲವನ್ನು ಆ ಕೂಸು ಜೀವನಪರ್ಯಂತ ಅನುಭವಿಸಬೇಕಾದ ರೋಗವೊಂದಿದೆ. ಅದುವೇ ಥಲಸ್ಸೇಮಿಯಾ.

ಗ್ರೀಕ್ ಭಾಷೆಯಲ್ಲಿ ಥಲಸ್ಸ ಎಂದರೆ ಸಮುದ್ರ, ಹೈಮ ಎಂದರೆ ರಕ್ತ. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ ಈ ರೋಗವನ್ನು ಮೊದಲಿಗೆ ಸ್ಪಷ್ಟವಾಗಿ ವರ್ಣಿಸಿದಾಗ ಅದು ಮೆಡಿಟರೇನಿಯನ್ ಸಮುದ್ರತೀರದ ಜನರ ರೋಗವೆಂದು ಭಾವಿಸಲಾಗಿತ್ತು. ಹೆಸರೂ ಆ ಭಾವನೆಯಿಂದಲೇ ಬಂದಿತು. 1938ರಲ್ಲಿ ಕಲ್ಕತ್ತೆಯ ಮಗುವೊಂದರಲ್ಲಿ ಅದು ಕಂಡುಬಂದಿತು. ಇಂದು ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಇದರ ವಾಹಕರೆಂದೂ ಪ್ರತಿವರ್ಷ 10,000ಕ್ಕೂ ಹೆಚ್ಚು ಮಕ್ಕಳು ಈ ರೋಗದೊಂದಿಗೆ ಹುಟ್ಟುತ್ತಾರೆಂದೂ ಅಂದಾಜಿದೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ತಲುಪಿಸುವ ವಸ್ತು ಹಿಮೋಗ್ಲೋಬಿನ್. ಇದು ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಸರಪಳಿಗಳಿಂದ ಕೂಡಿದೆ. ಬೀಟಾ ಸರಪಳಿಯನ್ನು ರಚಿಸುವ ವಂಶವಾಹಿ 11ನೆಯ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬನಲ್ಲಿಯೂ ಅದರ ಎರಡು ಪ್ರತಿಗಳು, ತಂದೆಯಿಂದ ಬಂದುದೊಂದು, ತಾಯಿಯಿಂದ ಬಂದುದೊಂದು. ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಿದ್ದರೆ ಕೆಲಸ ನಿಲ್ಲುವುದಿಲ್ಲ. ಅಂಥವನು ವಾಹಕ. ಆತ ರೋಗಿಯಲ್ಲ, ದುಡಿಯುತ್ತಾನೆ, ವ್ರತ ಉಪವಾಸ ಮಾಡುತ್ತಾನೆ, ಪೂರ್ಣಾಯುಷ್ಯ ಬದುಕುತ್ತಾನೆ. ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ರೋಗ ಪೂರ್ಣರೂಪದಲ್ಲಿ ಪ್ರಕಟವಾಗುತ್ತದೆ.

ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್‌ಗೆ ಬೀಟಾ ಸರಪಳಿ ಬೇಕಿಲ್ಲವಾದುದರಿಂದ ರೋಗವಿರುವ ಕೂಸು ಹುಟ್ಟುವಾಗ ಎಲ್ಲ ಕೂಸುಗಳಂತೆಯೇ ಇರುತ್ತದೆ. ತೊಟ್ಟಿಲು ಕಟ್ಟಿ, ಹೆಸರಿಟ್ಟು, ಬಂಧುಬಳಗ ಸಂತೋಷಪಟ್ಟ ಕೆಲವು ತಿಂಗಳುಗಳ ಮೇಲೆ ಕೂಸು ಬಿಳಿಚಿಕೊಳ್ಳತೊಡಗುತ್ತದೆ. ಹಾಲು ಸೇರದು, ತೂಕ ಏರದು, ಗುಲ್ಮ ಊದಿ ಹೊಟ್ಟೆ ದೊಡ್ಡದಾಗುತ್ತದೆ. ಆರು ತಿಂಗಳಿನಿಂದ ಎರಡು ವರ್ಷದೊಳಗೆ ಸಾಮಾನ್ಯವಾಗಿ ರೋಗದ ಗುರುತು ಸಿಗುತ್ತದೆ. ಆ ಮೇಲೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಪಡೆಯದೆ ಆ ಮಗು ಬದುಕಲಾರದು.

ರಕ್ತ ಕೊಟ್ಟರಷ್ಟೇ ಸಾಲದು. ಪ್ರತಿಯೊಂದು ಬಾಟಲಿಯೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣಾಂಶ ಶರೀರಕ್ಕೆ ಸೇರುತ್ತದೆ. ಅದನ್ನು ಹೊರಹಾಕುವ ಮಾರ್ಗ ಶರೀರಕ್ಕಿಲ್ಲ. ಹೃದಯದಲ್ಲಿ, ಯಕೃತ್ತಿನಲ್ಲಿ, ಗ್ರಂಥಿಗಳಲ್ಲಿ ಅದು ಸಂಚಯವಾಗಿ ಅವುಗಳನ್ನೇ ಕೆಡಿಸುತ್ತದೆ. ಕಬ್ಬಿಣವನ್ನು ಹೊರಸೆಳೆಯಲು ಹಿಂದೆ ಡೆಸ್ಫೆರಾಲ್ ಚುಚ್ಚುಮದ್ದೊಂದೇ ಗತಿಯಾಗಿತ್ತು. ರಾತ್ರಿಯೆಲ್ಲ ಚರ್ಮದಡಿಯಲ್ಲಿ ಸೂಜಿಯಿಟ್ಟು ಚಿಕ್ಕ ಯಂತ್ರದಿಂದ ಅದನ್ನು ಹನಿಹನಿಯಾಗಿ ಕೊಡಬೇಕಿತ್ತು. 1990ರ ದಶಕದ ಮಧ್ಯದಿಂದ ನಮ್ಮ ದೇಶದಲ್ಲಿ ಬಾಯಿಯ ಮೂಲಕ ಕೊಡುವ ಮಾತ್ರೆಗಳು ದೊರೆಯತೊಡಗಿದವು. ಅಸ್ಥಿಮಜ್ಜೆಯ ಕಸಿಯಿಂದ ರೋಗ ನಿರ್ಮೂಲವಾಗಬಲ್ಲದೆಂಬುದು 1981ರಿಂದ ಸಿದ್ಧವಾಗಿದೆ. ಆದರೆ ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾಗುವ ಸಂಭವ ನಾಲ್ಕರಲ್ಲಿ ಒಂದು, ವೆಚ್ಚವೂ ಲಕ್ಷಗಳಲ್ಲಿ. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು 2024ರಲ್ಲಿ ಅಮೆರಿಕ ಅನುಮತಿಯಿತ್ತಿವೆಯಾದರೂ ಅದರ ಬೆಲೆ ಸಾಮಾನ್ಯ ಗೃಹಸ್ಥನ ಕೈಗೆ ನಿಲುಕುವಂಥದಲ್ಲ.

ಇನ್ನು ಈ ರೋಗ ಮುಂದಿನ ಪೀಳಿಗೆಗೆ ಸಾಗುವ ಲೆಕ್ಕವನ್ನು ನೋಡೋಣ. ದಂಪತಿಗಳಲ್ಲಿ ಒಬ್ಬರು ಮಾತ್ರ ವಾಹಕರಾಗಿದ್ದರೆ ಯಾವ ಮಗುವಿಗೂ ಪೂರ್ಣರೋಗ ಬಾರದು. ಹೆಚ್ಚೆಂದರೆ ಮಗುವೂ ವಾಹಕವಾದೀತು. ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಪೂರ್ಣರೋಗದ ಸಂಭವ ನೂರಕ್ಕೆ 25, ವಾಹಕವಾಗುವ ಸಂಭವ 50, ಸಂಪೂರ್ಣ ನಿರ್ದೋಷಿಯಾಗುವ ಸಂಭವ 25. ಇಲ್ಲಿ ಲೆಕ್ಕ ಬಲ್ಲವರೂ ಎಡವುವುದುಂಟು. ಮೊದಲ ಮಗುವಿಗೆ ರೋಗ ಬಂದಿತು, ನಾಲ್ಕರಲ್ಲಿ ಒಂದರ ಬಾಕಿ ತೀರಿತು, ಮುಂದಿನ ಮೂರು ಮಕ್ಕಳು ಸುರಕ್ಷಿತವೆಂದು ತಿಳಿಯುತ್ತಾರೆ. ಇದು ಹಿಂದಿನ ಬಾಕಿಯನ್ನು ಮುಂದಕ್ಕೆ ತರುವ ಖಾತೆಯಲ್ಲ. ಪ್ರತಿಯೊಂದು ಗರ್ಭಕ್ಕೂ ಹೊಸ ಪುಟ. ಪ್ರತಿಯೊಂದು ಪುಟದಲ್ಲಿಯೂ ಅದೇ 25.

ಗೋತ್ರ ಬಿಟ್ಟು ಮದುವೆ ಮಾಡಿದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಗೋತ್ರವು ತಂದೆಯ ಕಡೆಯ ಪರಂಪರೆಯನ್ನು ಮಾತ್ರ ಲೆಕ್ಕಿಸುತ್ತದೆ. ವಂಶವಾಹಿಯಾದರೋ ತಾಯಿಯ ಕಡೆಯಿಂದಲೂ ಅಷ್ಟೇ ಸಮನಾಗಿ ಬರುತ್ತದೆ. ಕರ್ನಾಟಕದಲ್ಲಿ ಸೋದರಿಕೆಯ ಸಂಬಂಧಗಳು ಬಹುಕಾಲದಿಂದ ರೂಢಿಯಲ್ಲಿವೆ. ಒಬ್ಬ ವಾಹಕನ ಬಳಿಯಿರುವ ಅದೇ ದೋಷವು ಆತನ ಸೋದರಮಾವನ ಅಥವಾ ಸೋದರತ್ತೆಯ ಮಗಳಲ್ಲಿಯೂ ಇರುವ ಸಂಭವ ಎಂಟರಲ್ಲಿ ಒಂದು. ಅಕ್ಕನ ಮಗಳಲ್ಲಿರುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನ ಕನ್ಯೆಯಲ್ಲಿ ಅದು ನೂರಕ್ಕೆ ಮೂರು ನಾಲ್ಕು ಮಾತ್ರ. ಸಂಬಂಧಿಕರಲ್ಲಿ ಮದುವೆಯಾಗದವರೂ ನಿಶ್ಚಿಂತರಾಗಿರುವಂತಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ಇಡೀ ದೇಶದಲ್ಲಿ ಸುಮಾರು 44.5 ಲಕ್ಷ. ಇಷ್ಟರಲ್ಲಿಯೇ ಪಂಥಭೇದ, ಒಳಪಂಗಡ, ಪ್ರಾಂತಭೇದ. ಇಂಥ ಚಿಕ್ಕ ವಲಯಗಳೊಳಗೆ ತಲೆತಲಾಂತರದಿಂದ ಕೊಟ್ಟು ತಂದು ಮಾಡಿರುವ ಯಾವುದೇ ಸಮಾಜ ಈ ಪ್ರಶ್ನೆಯನ್ನು ಇತರರಿಗಿಂತ ಮೊದಲು ಕೇಳಿಕೊಳ್ಳಬೇಕು.

ವಾಹಕನೆನಿಸುವುದರಲ್ಲಿ ಅವಮಾನವೇನೂ ಇಲ್ಲ. ಮುಂದೆ ಭಾರತಕ್ಕೆ ಬಂದು ನೆಲೆಸಿ ಇಲ್ಲಿಯ ಪ್ರಜೆಯಾದ ಜೆ.ಬಿ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಥಲಸ್ಸೇಮಿಯಾದ ಒಂದು ಪ್ರತಿ ಇರುವವರಿಗೆ ಮಲೇರಿಯಾ ಅಷ್ಟಾಗಿ ಬಾಧಿಸದಿರಬಹುದು ಎಂದು. ಮುಂದಿನ ಸಂಶೋಧನೆಗಳು ಈ ಊಹೆಯನ್ನು ಪುಷ್ಟೀಕರಿಸಿದವು. ಚಳಿಜ್ವರ ಊರೂರುಗಳನ್ನೇ ಖಾಲಿ ಮಾಡುತ್ತಿದ್ದ ಕಾಲದಲ್ಲಿ ಪೂರ್ವಜರನ್ನು ಕಾಪಾಡಿದ ರಕ್ಷಾಕವಚವೇ ಇಂದು ವಾಹಕನ ರಕ್ತದಲ್ಲಿ ಉಳಿದುಬಂದಿದೆ. ಅದನ್ನು ಕುಲದ ಕಳಂಕವೆಂದು ಮರೆಮಾಚುವುದು ಅಜ್ಞಾನ.

ಆದರೂ ಮರೆಮಾಚುವುದು ನಡೆದಿದೆ. ಮರೆಮಾಚಲು ಕೆಲವರು ಕರ್ಮಸಿದ್ಧಾಂತವನ್ನೇ ಆಶ್ರಯಿಸುತ್ತಾರೆ. ಎಲ್ಲವೂ ಅಸಾತಾವೇದನೀಯ ಕರ್ಮದ ಉದಯ, ಪರೀಕ್ಷೆ ಮಾಡಿಸಿದರೆ ಕರ್ಮ ತಪ್ಪೀತೇ ಎಂಬ ಮಾತು ಧರ್ಮಬಂಧುಗಳ ಬಾಯಲ್ಲಿ ಕೇಳಿಬರುತ್ತದೆ. ಕರ್ಮವು ಫಲ ಕೊಡಲು ನಿಮಿತ್ತ ಬೇಕೆಂಬುದನ್ನೂ, ಪುರುಷಾರ್ಥದಿಂದ ಕರ್ಮದ ಸ್ಥಿತಿ ಅನುಭಾಗಗಳಲ್ಲಿ ಅಪಕರ್ಷಣ ಸಂಕ್ರಮಣಗಳು ಸಾಧ್ಯವೆಂಬುದನ್ನೂ ಜೈನಾಗಮವೇ ಹೇಳುತ್ತದೆ. ಕರ್ಮ ತಪ್ಪದೆಂದು ಯಾವ ಶ್ರಾವಕನೂ ಅಂಗಡಿಗೆ ಬೀಗ ಹಾಕದೆ ಮನೆಗೆ ಹೋಗುವುದಿಲ್ಲ. ಇಷ್ಟೇ ಅಲ್ಲದೆ, ಪರರಿಗೆ ದುಃಖ, ಶೋಕ, ಪರಿತಾಪಗಳನ್ನು ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಮಗುವಿನ ರೋಗವನ್ನು ಅದರ ಕರ್ಮಕ್ಕೆ ಕಟ್ಟಿ ಕೈತೊಳೆದುಕೊಳ್ಳುವ ಹಿರಿಯರು ತಮ್ಮ ಖಾತೆಯಲ್ಲಿ ಏನು ಜಮೆಯಾಗುತ್ತಿದೆಯೆಂದು ನೋಡಿಕೊಳ್ಳಬೇಕು.

ಉತ್ತರ ಕರ್ನಾಟಕದ ಪಟ್ಟಣವೊಂದರ ವ್ಯಾಪಾರಿ ಮನೆತನದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಹಿರಿಯ ಮಗನ ಕೂಸಿಗೆ ಎಂಟನೆಯ ತಿಂಗಳಿನಲ್ಲಿ ಈ ರೋಗ ಪತ್ತೆಯಾಯಿತು. ಕೆಲವು ದಿನ ಎಲ್ಲ ಬೆರಳುಗಳೂ ಸೊಸೆಯ ಕಡೆಗೆ ತಿರುಗಿದ್ದವು. ಮಗನ ರಕ್ತಪರೀಕ್ಷೆಯೂ ಅದನ್ನೇ ಹೇಳಿದ ಮೇಲೆ ಆ ಮಾತು ನಿಂತಿತು. ಒಂದೇ ಕೈಯಿಂದ ಚಪ್ಪಾಳೆಯಾಗದೆಂಬುದು ಮನೆಯವರಿಗೆ ತಿಳಿಯಿತು. ಎರಡು ವರ್ಷಗಳ ತರುವಾಯ ಕಿರಿಯ ಮಗನಿಗೆ ನೆರೆಯ ತಾಲೂಕಿನ ಕನ್ಯೆ ಗೊತ್ತಾದಳು. ಗೋತ್ರ ಬೇರೆ, ಬಳಗ ಬೇರೆ, ಮನೆತನ ಒಪ್ಪುವಂಥದು. ಆತನೂ ವಾಹಕನೆಂಬುದು ಮನೆಯವರಿಗೆ ಗೊತ್ತಿತ್ತು. ನಿಶ್ಚಿತಾರ್ಥಕ್ಕೆ ಮೂರು ವಾರ ಉಳಿದಿದ್ದವು. ಸುದ್ದಿ ಹೇಳಿದರೆ ಸಂಬಂಧ ಮುರಿದೀತು, ಮುರಿದರೆ ಊರೆಲ್ಲ ಕಾರಣ ಕೇಳೀತು, ಮನೆಯಲ್ಲಿ ಮದುವೆಗೆ ಬಂದ ಮಗಳೂ ಇದ್ದಾಳೆ, ಸುಮ್ಮನಿರುವುದೇ ಲೇಸೆಂದು ಗಂಡಸರು ತೀರ್ಮಾನಿಸಿದರು. ಆ ಮನೆಯ ಅಜ್ಜಿ ನಿತ್ಯ ಸಾಮಾಯಿಕ ತಪ್ಪಿಸದವರು. ಅವರು ಮಗನನ್ನು ಕರೆದು, “ನಾವು ಹೇಳದಿದ್ರ ಆ ಹುಡುಗಿಗೆ ನಾವೇ ಕೇಡು ಮಾಡಿದಂಗ ಆಗತೈತಿ. ಹೋಗಿ ಒಂದು ಮಾತು ಹೇಳಿ ಬಾ, ಮುಂದಿಂದು ಅವರು ನೋಡ್ಲಿ” ಎಂದರು.

ಮಗ ಹೋಗಿ ಹೇಳಿದರು. ಕನ್ಯೆಯ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಒಂದು ವಾರದೊಳಗೆ ಆಕೆಯ ಪರೀಕ್ಷೆಯಾಯಿತು, ಆಕೆಯೂ ವಾಹಕಳೇ. ಸಂಬಂಧ ಅಲ್ಲಿಗೆ ನಿಂತಿತು. ಮುಂದೆ ಆತನಿಗೂ ಆಕೆಗೂ ಬೇರೆ ಬೇರೆ ಕಡೆ, ವಾಹಕರಲ್ಲದವರೊಡನೆ ಮದುವೆಯಾಯಿತು. ಇಬ್ಬರ ಮಕ್ಕಳೂ ಆರೋಗ್ಯವಾಗಿದ್ದಾರೆ. ಆದರೆ ಸತ್ಯಕ್ಕೆ ಬೆಲೆ ತೆರಬೇಕಾಗಲಿಲ್ಲವೆಂದು ಹೇಳುವಂತಿಲ್ಲ. ಮನೆಯ ಮಗಳು ವಾಹಕಳಲ್ಲವೆಂದು ಪರೀಕ್ಷೆ ಸ್ಪಷ್ಟವಾಗಿ ಹೇಳುತ್ತಿದ್ದರೂ ಎರಡು ಸಂಬಂಧಗಳು ಸುದ್ದಿ ಕೇಳಿದೊಡನೆ ಹಿಂದೆ ಸರಿದವು. ಮೂರನೆಯವರು ಮಾತ್ರ ವರದಿಯನ್ನು ಓದಿ ನೋಡಿದರು. ಆ ಮೊದಲ ಎರಡು ಮನೆಗಳ ಅಜ್ಞಾನವೇ ಉಳಿದವರನ್ನು ಸುಳ್ಳಿಗೆ ನೂಕುವ ಶಕ್ತಿ. ಸತ್ಯವನ್ನು ಹೇಳುವವರ ಧೈರ್ಯ ಎಷ್ಟು ಅಗತ್ಯವೋ, ಕೇಳುವವರ ತಿಳಿವಳಿಕೆಯೂ ಅಷ್ಟೇ ಅಗತ್ಯ. ಸತ್ಯಾಣುವ್ರತವು ಹೇಳುವವನೊಬ್ಬನ ಹೊಣೆಯಲ್ಲ.

ಮದುವೆಯ ನಂತರವೂ ಪರೀಕ್ಷೆ ಮಾಡಿಸಬಹುದಲ್ಲ ಎನ್ನುವವರಿದ್ದಾರೆ. ಗರ್ಭಧಾರಣೆಯ 10ರಿಂದ 12ನೆಯ ವಾರದ ಹೊತ್ತಿಗೆ ಶಿಶುವಿಗೆ ರೋಗವಿದೆಯೇ ಎಂದು ತಿಳಿಯುವ ವಿಧಾನವುಂಟು. ರೋಗವಿದೆಯೆಂದು ತಿಳಿದರೆ ಮುಂದೇನು? ಒಂದು ಕಡೆ ಗರ್ಭಸ್ಥ ಪಂಚೇಂದ್ರಿಯ ಜೀವದ ಘಾತ, ಇನ್ನೊಂದು ಕಡೆ ಆ ಜೀವದ ದೀರ್ಘ ಯಾತನೆ. ಇಂಥ ಇಕ್ಕಟ್ಟಿಗೆ ಸಿಕ್ಕ ತಾಯಿತಂದೆಯರ ತೀರ್ಮಾನವನ್ನು ಹೊರಗಿನವರು ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು. ಅವರಿಗೆ ಬೇಕಾದುದು ಅನುಕಂಪ. ಆದರೆ ಆ ಇಕ್ಕಟ್ಟಿಗೆ ಅವರನ್ನು ತಂದು ನಿಲ್ಲಿಸಿದುದು ಯಾವುದೆಂದು ಸಮಾಜ ತನ್ನನ್ನೇ ಕೇಳಿಕೊಳ್ಳಬೇಕು. ವಿವಾಹಪೂರ್ವದಲ್ಲಿ ಒಂದು ಹನಿ ರಕ್ತದಿಂದ ತಿಳಿಯಬಹುದಾಗಿದ್ದ ವಿಷಯವನ್ನು ತಿಳಿಯದೆ ಉಳಿದುದೇ ಆ ಪ್ರಮಾದ. ಗರ್ಭದ ಮುಂದೆ ನಿಂತಾಗ ಅಹಿಂಸೆಯ ದಾರಿ ಹುಡುಕುವುದು ಕಠಿಣ. ನಿಶ್ಚಿತಾರ್ಥಕ್ಕೆ ಮುನ್ನ ಅದು ನೇರವಾಗಿಯೇ ಇದೆ.

ಈ ವಿಷಯದಲ್ಲಿ ಸೈಪ್ರಸ್ ದ್ವೀಪದ ಉದಾಹರಣೆ ಧರ್ಮಸಂಸ್ಥೆಗಳಿಗೆ ವಿಶೇಷವಾಗಿ ಮನನೀಯ. ಅಲ್ಲಿ ಏಳು ಮಂದಿಯಲ್ಲಿ ಒಬ್ಬರು ವಾಹಕರು. ರೋಗಿಗಳಿಗೆಲ್ಲ ರಕ್ತ, ಔಷಧ ಒದಗಿಸುವುದರಲ್ಲಿಯೇ ಆ ಚಿಕ್ಕ ದೇಶದ ಶಕ್ತಿ ಬತ್ತಿಹೋಗುವ ಭಯವಿತ್ತು. ಅಲ್ಲಿಯ ಚರ್ಚು ಗರ್ಭಪಾತವನ್ನು ಒಪ್ಪುವುದಿಲ್ಲ. ಆದರೂ 1983ರಿಂದ, ಚರ್ಚಿನಲ್ಲಿ ಮದುವೆಯಾಗಬೇಕಾದರೆ ವಧೂವರರು ಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆದಿರುವ ಪ್ರಮಾಣಪತ್ರ ತರಬೇಕೆಂದು ಅದು ನಿಯಮ ಮಾಡಿತು. ಆ ಪತ್ರದಲ್ಲಿ ಫಲಿತಾಂಶವನ್ನು ಬರೆಯುವುದಿಲ್ಲ; ಮದುವೆಯನ್ನು ಯಾರೂ ತಡೆಯುವುದಿಲ್ಲ. ತಿಳಿದು ಮುಂದುವರಿಯಿರಿ ಎಂಬುದಷ್ಟೇ ಅದರ ಅರ್ಥ. ಕೆಲವೇ ವರ್ಷಗಳಲ್ಲಿ ಅಲ್ಲಿ ರೋಗಗ್ರಸ್ತ ಶಿಶುಗಳ ಜನನ ಬಹುಮಟ್ಟಿಗೆ ನಿಂತೇಹೋಯಿತು. ಆದರೆ ಅಲ್ಲಿ ವಾಹಕರಾದ ಜೋಡಿಗಳಲ್ಲಿ ಹೆಚ್ಚಿನವರು ಮದುವೆಯನ್ನು ಬಿಡದೆ ಗರ್ಭಪರೀಕ್ಷೆಯ ಮೊರೆಹೊಕ್ಕರೆಂಬುದನ್ನೂ ಮರೆಯಬಾರದು. 1997ರಲ್ಲಿ ವಿವಾಹಪೂರ್ವ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ ಇರಾನ್ ದೇಶದಲ್ಲಿಯೂ ಅನೇಕ ಜೋಡಿಗಳು ಫಲಿತಾಂಶ ತಿಳಿದ ಮೇಲೆಯೂ ಹಿಂದೆಗೆಯಲಿಲ್ಲ. ಮನಸ್ಸು ಕೂಡಿ, ಬಂಧುಗಳು ನೆರೆದ ಮೇಲೆ ಬರುವ ವರದಿ ತಡವಾಗಿ ಬಂದ ವರದಿ. ಆದಕಾರಣ ಪರೀಕ್ಷೆಯು ಸಂಬಂಧ ಹುಡುಕುವುದಕ್ಕೆ ಮೊದಲೇ, ಮಕ್ಕಳು ಕಾಲೇಜು ಓದುವ ವಯಸ್ಸಿನಲ್ಲಿಯೇ ಆಗಿಹೋಗಬೇಕು.

ಪರೀಕ್ಷೆಯಾದರೂ ದೊಡ್ಡದಲ್ಲ. ಮೊದಲು ಸಾಮಾನ್ಯ ರಕ್ತಕಣಗಳ ಎಣಿಕೆ. ಕೆಂಪುಕಣಗಳ ಗಾತ್ರ 80ಕ್ಕಿಂತಲೂ, ಕಣವೊಂದರ ಹಿಮೋಗ್ಲೋಬಿನ್ ಪ್ರಮಾಣ 27ಕ್ಕಿಂತಲೂ ಕಡಿಮೆಯಿದ್ದರೆ ಸಂದೇಹಕ್ಕೆ ಕಾರಣ. ಅನಂತರ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ಆ ವ್ಯಕ್ತಿ ಸಾಮಾನ್ಯವಾಗಿ ವಾಹಕ. ಕಬ್ಬಿಣಾಂಶದ ಕೊರತೆಯಿದ್ದಾಗ ಈ ಅಂಕಿ ಕೆಳಗಿಳಿದು ಮೋಸಗೊಳಿಸುವುದುಂಟು. ಆದುದರಿಂದ ವರದಿಯನ್ನು ವೈದ್ಯರಿಗೆ ತೋರಿಸಿಯೇ ತಿಳಿಯಬೇಕು. ವಾಹಕರನ್ನು ಬರಿಯ ರಕ್ತಹೀನತೆಯೆಂದು ಭಾವಿಸಿ ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ಕೊಡುವ ತಪ್ಪೂ ಆಗಾಗ ನಡೆಯುತ್ತದೆ. ಜೀವಮಾನದಲ್ಲಿ ಒಮ್ಮೆ ಸರಿಯಾಗಿ ಮಾಡಿಸಿದರೆ ಸಾಕು. ಮದುವೆಯ ಚಪ್ಪರದ ಹೂವಿಗೆ ತಗಲುವ ಖರ್ಚಿನಲ್ಲಿ ಒಂದಂಶವೂ ಇದಕ್ಕೆ ತಗಲದು.

ಈಗಾಗಲೇ ರೋಗದಿಂದ ಬಳಲುತ್ತಿರುವ ಮಕ್ಕಳ ಕಡೆಗೂ ಸಮಾಜದ ಕರ್ತವ್ಯವಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ರಕ್ತದಾನವು ಔಷಧವೂ ಹೌದು, ಅಭಯವೂ ಹೌದು. ಕೊಟ್ಟವನಿಗೆ ನಷ್ಟವಿಲ್ಲ, ಯಾವ ಜೀವಿಗೂ ಘಾತವಿಲ್ಲ. ಮಹಾವೀರ ಜಯಂತಿಯಂದು ರಕ್ತದಾನ ಶಿಬಿರಗಳನ್ನು ಏರ್ಪಡಿಸುವ ಸತ್ಸಂಪ್ರದಾಯ ಅನೇಕ ಕಡೆಗಳಲ್ಲಿದೆ. ಆದರೆ ಕೆಂಪುಕಣಗಳನ್ನು 42 ದಿನಗಳಿಗಿಂತ ಹೆಚ್ಚು ಕಾಲ ಇಡಲಾಗದು. ಒಂದೇ ದಿನ ನೂರಾರು ಬಾಟಲಿ ಸಂಗ್ರಹಿಸಿ ಮುಂದಿನ ಹನ್ನೊಂದು ತಿಂಗಳು ಸುಮ್ಮನಿರುವುದು ಬೇಗ ಕೆಡುವ ಸರಕನ್ನು ಒಟ್ಟಿಗೆ ತರಿಸಿದಂತೆ. ಎರಡು ವಾರಕ್ಕೊಂದು ಬಾಟಲಿ ಬೇಕಾದ ಮಗುವಿಗೆ ವರ್ಷಕ್ಕೆ 26 ಬೇಕು. ಪುರುಷನೊಬ್ಬ ಮೂರು ತಿಂಗಳಿಗೊಮ್ಮೆ, ಸ್ತ್ರೀಯೊಬ್ಬಳು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅಂದಮೇಲೆ ಒಂದು ಮಗುವಿನ ಬೆನ್ನಿಗೆ ಕನಿಷ್ಠ ಏಳು ಮಂದಿ ನಿಯಮಿತ ದಾನಿಗಳು ನಿಂತಿರಬೇಕು. ರಕ್ತನಿಧಿಯನ್ನು ವಿಚಾರಿಸಿ, ತಿಂಗಳಿಗೆ ಹತ್ತು ಮನೆಗಳಂತೆ ಪಾಳಿ ಹಚ್ಚಿಕೊಂಡರೆ ಒಂದು ಊರಿನ ಸಮಾಜ ಕೆಲವು ಮಕ್ಕಳನ್ನು ವರ್ಷವಿಡೀ ಸಲಹಬಲ್ಲದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಥಲಸ್ಸೇಮಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಅದರ ಪ್ರಮಾಣಪತ್ರ ಪಡೆಯಲು ಬಡ ಕುಟುಂಬಗಳಿಗೆ ನೆರವಾಗುವುದೂ ಪುಣ್ಯಕಾರ್ಯವೇ.

ಜಿನಮಂದಿರಗಳ ಟ್ರಸ್ಟುಗಳು ಗೋಶಾಲೆಗಳನ್ನು ನಡೆಸುತ್ತವೆ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಪಕ್ಷಿಗಳಿಗೂ ಆಸ್ಪತ್ರೆಯಿದೆ. ಇಂಥ ಜೀವದಯೆಯ ಪರಂಪರೆಯುಳ್ಳ ಟ್ರಸ್ಟುಗಳಿಗೆ ಈ ಕಾರ್ಯ ಭಾರವಾಗದು. ವಧೂವರರ ಸಮಾವೇಶ ನಡೆಸುವಲ್ಲಿ ಜಾತಕ ಪರಿಚಯಗಳ ಅರ್ಜಿಯೊಂದಿಗೆ, ರಕ್ತಪರೀಕ್ಷೆಯಾಗಿದೆಯೇ ಎಂಬ ಒಂದು ಪ್ರಶ್ನೆಯನ್ನು ಸೇರಿಸಬಹುದು. ಫಲಿತಾಂಶವನ್ನು ಟ್ರಸ್ಟಿನ ಯಾವ ಪುಸ್ತಕದಲ್ಲಿಯೂ ಬರೆದಿಡಬಾರದು. ಅದು ಆಯಾ ವ್ಯಕ್ತಿಯ ಬಳಿಯೇ ಇರಬೇಕು, ಎದುರಿನ ಮನೆಯವರಿಗೆ ಆತನೇ ತಿಳಿಸಬೇಕು. ಚಾತುರ್ಮಾಸದ ಪ್ರವಚನಗಳಲ್ಲಿ ಮುನಿಮಹಾರಾಜರೂ ಆರ್ಯಿಕೆಯರೂ ಭಟ್ಟಾರಕರೂ ಒಂದು ದಿನ ಈ ವಿಷಯವನ್ನೆತ್ತಿದರೆ ವೈದ್ಯರ ಹತ್ತು ಭಾಷಣಗಳಿಗಿಂತ ಹೆಚ್ಚು ಪರಿಣಾಮವಾದೀತು. ಮನೆಯ ಹಿರಿಯರು ಮದುವೆಗೆ ಬಂದ ಮಕ್ಕಳನ್ನು ಮುಂದಿನ ದಶಲಕ್ಷಣ ಪರ್ವ ಬರುವುದರೊಳಗೆ ಪರೀಕ್ಷೆಗೆ ಕರೆದೊಯ್ಯಲಿ. ವರದಿಯಲ್ಲಿ ವಾಹಕನೆಂದು ಬಂದರೆ ಅಂಜದಿರಲಿ, ಅಡಗಿಸದಿರಲಿ. ಎದುರಿನ ಮನೆಯವರು ನಿಜ ಹೇಳಿದರೆ ಅವರನ್ನು ಕೀಳಾಗಿ ಕಾಣದೆ, ಹೇಳಿದುದಕ್ಕಾಗಿ ಗೌರವಿಸಲಿ. ಶ್ರಾವಕನ ಅಪ್ರಮಾದವು ಅಡುಗೆಮನೆಯಿಂದ ಹೊರಟು ಮದುವೆಯ ಮಾತುಕತೆಯವರೆಗೂ ಬಂದು ತಲುಪಲಿ.